ಗಣಕ ಪ್ರಶ್ನೋತ್ತರ: ಅಡ್ಮಿನ್ ಪಾಸ್‌ವರ್ಡ್ ಕೊಡದೆ ಕೆಲಸ ಒಪ್ಪಿಸುವುದು

ಈ ಸಂಚಿಕೆಗೆ ಮುಂಬಯಿ, ಪುಣೆ, ಗೋವಾ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ತೊಡಕು ಒಂದೇ. ಸಿಬ್ಬಂದಿಗೆ ಬೇಕಾದದ್ದು ಒಂದು ಸಣ್ಣ ಕೆಲಸದ ಅಧಿಕಾರ, ಕೊಟ್ಟಿರುವುದು ಇಡೀ ಯಂತ್ರದ ಅಧಿಕಾರ. ಹಾಗಾಗಿ ಅವುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡ್‌ಗಳನ್ನು ಓದುವ ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಮಶೀನ್ ಶಾಪ್. ಡ್ರಾಯಿಂಗ್‌ಗಳೆಲ್ಲ ಉಬುಂಟು ಸರ್ವರಿನ ಸಾಂಬಾ (ಜಾಲದಲ್ಲಿ ಫೋಲ್ಡರ್ ಹಂಚುವ ಪ್ರೋಗ್ರಾಮ್) ಫೋಲ್ಡರಿನಲ್ಲಿವೆ. ರಾತ್ರಿ ಪಾಳಿಯಲ್ಲಿ ಒಮ್ಮೊಮ್ಮೆ ಫೋಲ್ಡರ್ ತೆರೆಯುವುದಿಲ್ಲ, ಸಾಂಬಾ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಅದಕ್ಕಾಗಿ ಇಬ್ಬರು ಸೂಪರ್‌ವೈಸರುಗಳನ್ನು ಸುಡೋ ಗುಂಪಿಗೆ ಸೇರಿಸಿದ್ದೇವೆ. ಅವರು ಬೇರೇನನ್ನೂ ಮುಟ್ಟದ ಹಾಗೆ ಮಾಡಬಹುದೇ?
– ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ಮಾಡಬಹುದು. ಆದರೆ ಈಗ ಅವರಿಬ್ಬರೂ ಪೂರ್ತಿ ರೂಟ್ (ಯಂತ್ರದಲ್ಲಿ ಏನನ್ನೂ ಮಾಡಬಲ್ಲ ಲಿನಕ್ಸ್ ಅಡ್ಮಿನ್ ಖಾತೆ) ಆಗಿದ್ದಾರೆ ಎಂಬುದು ನಿಮಗೆ ಗೊತ್ತಿರಲಿ. ಉಬುಂಟುವಿನಲ್ಲಿ ಸುಡೋ ಗುಂಪಿಗೆ ಯಾವ ಮಿತಿಯೂ ಇಲ್ಲ. ಸುಡೋ ಹೊಸದೇನಲ್ಲ. 1980ರ ಸುಮಾರಿಗೆ ಬಫಲೋದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬರೆದ ಪ್ರೋಗ್ರಾಮು ಅದು. ಯಾರು, ಯಾರ ಹೆಸರಿನಲ್ಲಿ, ಯಾವ ಕಮಾಂಡ್ ಓಡಿಸಬಹುದು ಎಂದು ಒಂದೊಂದಾಗಿ ಗೆರೆ ಎಳೆಯಲು ಅದರಲ್ಲಿ ಅವಕಾಶವಿದೆ. ಆ ಗೆರೆಯನ್ನು ನೀವೇ ಎಳೆಯಬೇಕು.

ಗುರುವಾರದ ರಜೆಯ ದಿನ ಕೂತು ಮಾಡಿ. ಮೊದಲು ನಿಮ್ಮ ಖಾತೆಯಿಂದ ‘ಸುಡೋ -ಐ’ ಕೊಟ್ಟು ರೂಟ್ ಆಗಿರುವ ಒಂದು ಟರ್ಮಿನಲ್ ತೆರೆದಿಡಿ, ಎಲ್ಲ ಮುಗಿಯುವ ತನಕ ಅದನ್ನು ಮುಚ್ಚಬೇಡಿ. ಬರೆದದ್ದರಲ್ಲಿ ತಪ್ಪಾದರೆ ತಿದ್ದಲು ಉಳಿಯುವ ಸುಲಭದ ದಾರಿ ಅದೇ. ‘ಗ್ರೂಪ್‌ಆ್ಯಡ್ ಪಾಳಿ’ ಎಂದು ಹೊಸ ಗುಂಪು ಮಾಡಿ, ‘ಯೂಸರ್‌ಮಾಡ್ -ಎಜಿ ಪಾಳಿ’ ಎಂದು ಬರೆದು ಮುಂದೆ ಖಾತೆಯ ಹೆಸರು ಕೊಟ್ಟು ಇಬ್ಬರನ್ನೂ ಸೇರಿಸಿ. ಇಲ್ಲಿ ಎ ಸಣ್ಣದು, ಜಿ ದೊಡ್ಡದು. ಎ ಬಿಟ್ಟು ಬರೀ ಜಿ ಹಾಕಿದರೆ ಆ ವ್ಯಕ್ತಿ ಇದ್ದ ಬೇರೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾನೆ. ಇದು ತುಂಬ ಸಾಮಾನ್ಯವಾದ ಎಡವಟ್ಟು. ಬಳಿಕ ‘ವಿಸುಡೋ -ಎಫ್ /ಈಟಿಸಿ/ಸುಡೋಯರ್ಸ್.ಡಿ/ಪಾಳಿ’ ಎಂದು ಸುಡೋ ನಿಯಮಗಳ (ಸುಡೋಯರ್ಸ್) ಹೊಸ ಫೈಲ್ ತೆರೆದು ಒಂದೇ ಸಾಲು ಬರೆಯಿರಿ:

%ಪಾಳಿ ಆಲ್=(ರೂಟ್) /ಯುಎಸ್‌ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಎಸ್‌ಎಂಬಿಡಿ

ಶೇಕಡಾ ಚಿಹ್ನೆ ‘ಇದು ಗುಂಪು’ ಎನ್ನುತ್ತದೆ. ದೊಡ್ಡಕ್ಷರದ ಆಲ್ ಎಂದರೆ ಯಾವ ಯಂತ್ರದಲ್ಲಾದರೂ ಸರಿ. ಆವರಣದಲ್ಲಿರುವುದು ಯಾರ ಹೆಸರಿನಲ್ಲಿ ಓಡಬೇಕು ಎಂಬುದು. ಉಳಿದದ್ದು ಕಮಾಂಡ್, ಅದರ ಪೂರ್ತಿ ದಾರಿಯ ಸಮೇತ. ಸಿಸ್ಟಮ್‌ಸಿಟಿಎಲ್ ಸರ್ವಿಸ್‌ಗಳನ್ನು ನಡೆಸುವ ಕಮಾಂಡ್, ಎಸ್‌ಎಂಬಿಡಿ ಸಾಂಬಾದ ಸರ್ವಿಸ್. ನಿಮ್ಮ ಯಂತ್ರದಲ್ಲಿ ದಾರಿ ಯಾವುದೆಂದು ‘ಕಮಾಂಡ್ -ವಿ ಸಿಸ್ಟಮ್‌ಸಿಟಿಎಲ್’ ಕೊಟ್ಟು ನೋಡಿಕೊಳ್ಳಿ.

ಸಾಲಿನ ಕೊನೆಯ ಎರಡು ಪದಗಳೇ ಇಡೀ ವ್ಯವಸ್ಥೆಯ ಜೀವ. ಅವನ್ನು ಬರೆದರೆ ಅಕ್ಷರಶಃ ಹಾಗೆಯೇ ಟೈಪ್ ಮಾಡಿದಾಗ ಮಾತ್ರ ಅನುಮತಿ. ‘ಎಸ್‌ಎಂಬಿಡಿ.ಸರ್ವಿಸ್’ ಎಂದು ಟೈಪ್ ಮಾಡಿದರೂ ಸುಡೋ ಒಪ್ಪುವುದಿಲ್ಲ. ಎರಡೂ ಬೇಕಿದ್ದರೆ ಎರಡು ಪೂರ್ತಿ ಕಮಾಂಡ್‌ಗಳನ್ನು ನಡುವೆ ಅಲ್ಪವಿರಾಮ ಹಾಕಿ ಬರೆಯಿರಿ. ಅವನ್ನು ಬಿಟ್ಟು ಸಿಸ್ಟಮ್‌ಸಿಟಿಎಲ್‌ಗೆ ನಿಲ್ಲಿಸಿದರೆ ಅದರ ನಂತರ ಏನು ಬೇಕಾದರೂ ಬರೆಯುವ ಅಧಿಕಾರ ಕೊಟ್ಟ ಹಾಗಾಯಿತು. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಎಂದರೆ ಸಾಕು, ರೂಟ್ ಹೆಸರಿನಲ್ಲಿ ಎಡಿಟರ್ ತೆರೆಯುತ್ತದೆ. ಕಮಾಂಡ್ ಮುಂದೆ ಏನೂ ಬರಬಾರದು ಎಂದಾದರೆ ದಾರಿಯ ನಂತರ ಖಾಲಿ ಜೋಡಿ ಉದ್ಧರಣ ಚಿಹ್ನೆ ಇಡಬೇಕು.

ವಿಸುಡೋ ಬಿಟ್ಟು ಬೇರೆ ಎಡಿಟರಿನಲ್ಲಿ ಈ ಫೈಲ್ ಮುಟ್ಟಬೇಡಿ. ಉಳಿಸುವ ಮುನ್ನ ವಿಸುಡೋ ವ್ಯಾಕರಣ ಪರೀಕ್ಷಿಸುತ್ತದೆ. ತಪ್ಪಿರುವ ಫೈಲ್ ಕೂತುಬಿಟ್ಟರೆ ಹಳೆಯ ಸುಡೋ ಆವೃತ್ತಿಗಳು ಯಾರಿಗೂ ಯಾವ ಕಮಾಂಡನ್ನೂ ಬಿಡುವುದಿಲ್ಲ. ಫೈಲಿನ ಹೆಸರಿನಲ್ಲಿ ಚುಕ್ಕೆ ಇರಬಾರದು. ‘ಪಾಳಿ.ಕಾನ್ಫ್’ ಎಂದಿಟ್ಟರೆ ಸುಡೋ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೂರೂ ಕೊಡುವುದಿಲ್ಲ. ‘ಎಲ್ಲ ಸರಿ ಬರೆದಿದ್ದೇನೆ, ಆದರೂ ಆಗುತ್ತಿಲ್ಲ’ ಎನ್ನುವವರು ಮೊದಲು ಹೆಸರು ನೋಡಿ. ಫೈಲಿನ ಮಾಲೀಕ ರೂಟ್, ಮೋಡ್ 0440 ಇರಲಿ. ಕೊನೆಗೆ ‘ವಿಸುಡೋ -ಸಿ’ ಕೊಟ್ಟರೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ.

ಈಗ ‘ಸುಡೋ -ಎಲ್ -ಯು’ ಮುಂದೆ ಸೂಪರ್‌ವೈಸರ್ ಖಾತೆಯ ಹೆಸರು ಕೊಟ್ಟು ನೋಡಿ (ಯು ದೊಡ್ಡಕ್ಷರ). ಅವರಿಗೆ ಏನೇನು ಸಿಕ್ಕಿದೆ ಎಂಬ ಪಟ್ಟಿ ಬರುತ್ತದೆ. ಹೊಸ ಸಾಲು ಕಂಡ ಮೇಲೆಯೇ ‘ಡೆಲ್‌ಯೂಸರ್’ ಮುಂದೆ ಹೆಸರು, ಅದರ ಮುಂದೆ ಸುಡೋ ಎಂದು ಬರೆದು ಹಳೆಯ ಗುಂಪಿನಿಂದ ತೆಗೆಯಿರಿ. ಅವರು ಆಗಲೇ ಲಾಗಿನ್ ಆಗಿದ್ದರೆ ಹಳೆಯ ಅಧಿಕಾರ ಆ ಸೆಷನ್ ಮುಗಿಯುವ ತನಕ ಉಳಿದಿರುತ್ತದೆ, ಲಾಗೌಟ್ ಮಾಡಿಸಿ. ‘ಐಡಿ’ ಕಮಾಂಡಿನಿಂದ ಅವರ ಉಳಿದ ಗುಂಪುಗಳನ್ನೂ ನೋಡಿ. ಎಲ್‌ಎಕ್ಸ್‌ಡಿ, ಡಾಕರ್, ಡಿಸ್ಕ್ ಈ ಮೂರರಲ್ಲಿ ಯಾವುದಿದ್ದರೂ ಅದು ರೂಟ್‌ಗೆ ಸಮ. ಇಷ್ಟು ದಿನ ಪೂರ್ತಿ ಅಧಿಕಾರ ಇದ್ದುದರಿಂದ, ರೂಟ್ ಖಾತೆಯ ಎಸ್‌ಎಸ್‌ಎಚ್ ಕೀಲಿಗಳ ಫೈಲಿನಲ್ಲಿ ಗೊತ್ತಿಲ್ಲದ ಕೀಲಿ ಸೇರಿದೆಯೇ, ಪಾಸ್‌ವರ್ಡ್ ಫೈಲಿನಲ್ಲಿ 0 ಸಂಖ್ಯೆಯ (ಅಂದರೆ ರೂಟ್ ಅಧಿಕಾರದ) ಎರಡನೇ ಖಾತೆ ಇದೆಯೇ ಎಂದೂ ಒಮ್ಮೆ ಕಣ್ಣಾಡಿಸಿ.

ಸುಡೋ ಕೇಳುವುದು ಸೂಪರ್‌ವೈಸರಿನ ಸ್ವಂತ ಪಾಸ್‌ವರ್ಡ್. ಉಬುಂಟುವಿನಲ್ಲಿ ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ 15 ನಿಮಿಷ ಮತ್ತೆ ಕೇಳುವುದಿಲ್ಲ. ಒಂದೇ ಒಂದು ರೀಸ್ಟಾರ್ಟ್‌ಗೆ ಪಾಸ್‌ವರ್ಡ್ ಬೇಡವೆನಿಸಿದರೆ ಆವರಣದ ನಂತರ ದೊಡ್ಡಕ್ಷರದಲ್ಲಿ ‘ನೋಪಾಸ್‌ಡಬ್ಲ್ಯುಡಿ:’ ಸೇರಿಸಬಹುದು, ಇಲ್ಲಿ ದೊಡ್ಡ ಅಪಾಯವಿಲ್ಲ. ಇಬ್ಬರಿಗೂ ಸೇರಿ ‘ಶಿಫ್ಟ್’ ಎಂಬ ಒಂದೇ ಖಾತೆ ಮಾತ್ರ ಬೇಡ. /ವಾರ್/ಲಾಗ್/ಆತ್.ಲಾಗ್ ಫೈಲಿನಲ್ಲಿ ಯಾರು, ಯಾವ ಟರ್ಮಿನಲ್‌ನಿಂದ, ಯಾವ ಕಮಾಂಡ್ ಎಂದು ದಾಖಲಾಗುತ್ತದೆ. ಖಾತೆ ಒಂದೇ ಆದರೆ ಆ ದಾಖಲೆಯಿಂದ ಏನೂ ತಿಳಿಯದು.

ಇನ್ನೊಂದು ಮಾತು. ಎಸ್‌ಎಂಬಿಡಿ ರೀಸ್ಟಾರ್ಟ್ ಆದಾಗ ಆ ಕ್ಷಣ ಡ್ರಾಯಿಂಗ್ ತೆರೆದುಕೊಂಡವರೆಲ್ಲರ ಸಂಪರ್ಕ ಕಡಿಯುತ್ತದೆ. ರಾತ್ರಿ ಫೋಲ್ಡರ್ ಯಾಕೆ ನಿಲ್ಲುತ್ತಿದೆ ಎಂದು ಸಾಂಬಾ ಲಾಗ್ ಮತ್ತು ಡಿಸ್ಕಿನ ಖಾಲಿ ಜಾಗ ನೋಡುವುದು ನಿಮ್ಮ ಕೆಲಸ, ಸೂಪರ್‌ವೈಸರದಲ್ಲ.

ಪ್ರಶ್ನೆ: ನಮ್ಮ ಹುಡುಗರಿಗೆ ಲಾಗ್ ಓದಲು ‘ಲೆಸ್’ ಮತ್ತು ಎಂಜಿನ್‌ಎಕ್ಸ್ ವೆಬ್ ಸರ್ವರಿನ ಕಾನ್ಫಿಗ್ ತಿದ್ದಲು ‘ವಿಐ’ – ಇವೆರಡಕ್ಕೇ ಸುಡೋ ಕೊಟ್ಟಿದ್ದೇವೆ, ಅದೂ ಫೈಲಿನ ಹೆಸರಿನ ಸಮೇತ. ಇಷ್ಟು ಬಿಗಿ ಸಾಕಲ್ಲವೇ?
– ಓದುಗರೊಬ್ಬರು, ಹಿಂಜವಡಿ, ಪುಣೆ

ಉತ್ತರ: ಸಾಲದು. ಎರಡೂ ಕಡೆ ಬಾಗಿಲು ಪೂರ್ತಿ ತೆರೆದಿದೆ.

ಲೆಸ್ ಒಳಗೆ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ‘ಎಸ್‌ಎಚ್’ ಎಂದು ಬರೆದರೆ ಶೆಲ್ (ಯಾವ ಕಮಾಂಡನ್ನೂ ಟೈಪ್ ಮಾಡಬಹುದಾದ ಜಾಗ) ಬರುತ್ತದೆ. ಲೆಸ್ ರೂಟ್ ಆಗಿ ಓಡುತ್ತಿದ್ದರೆ ಆ ಶೆಲ್ಲೂ ರೂಟ್. ವಿಐನಲ್ಲಿ ಕೋಲನ್ ಒತ್ತಿ ಅದೇ ಆಟ ಆಡಬಹುದು. ಮ್ಯಾನ್, ಮೋರ್, ಫೈಂಡ್, ಆಕ್, ಟಾರ್ ಎಲ್ಲವೂ ಈ ಜಾತಿಯವೇ. ಫೈಲಿನ ಹೆಸರು ಬಿಗಿ ಮಾಡಿದ್ದರಿಂದ ಇಲ್ಲಿ ಏನೂ ಸಿಕ್ಕುವುದಿಲ್ಲ. ಪ್ರೋಗ್ರಾಮ್ ಒಳಗಿನಿಂದ ಎಲ್ಲಿಗೆ ಹೋಗಬಹುದು ಎಂದು ಸುಡೋ ಹಿಂಬಾಲಿಸಿ ನೋಡುವುದಿಲ್ಲ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಕೂಡ ಉದ್ದದ ಉತ್ತರವನ್ನು ಲೆಸ್ ಮೂಲಕವೇ ತೋರಿಸುತ್ತದೆ. ಹೊಸ ಸಿಸ್ಟಮ್‌ಡಿ (ಸಿಸ್ಟಮ್‌ಸಿಟಿಎಲ್ ಇದರದೇ ಕಮಾಂಡ್) ಆವೃತ್ತಿಗಳು ಈ ಕಿಂಡಿ ಮುಚ್ಚಿವೆ, ಹಳೆಯವು ಮುಚ್ಚಿಲ್ಲ. ಸ್ಟೇಟಸ್ ನೋಡಲು ಸುಡೋ ಬೇಕಾಗಿಯೂ ಇಲ್ಲ, ಆ ಸಾಲಿದ್ದರೆ ತೆಗೆದುಬಿಡಿ.

ಲಾಗ್ ಓದುವುದಕ್ಕೆ ಸುಡೋ ಯಾಕೆ? ಡೆಬಿಯನ್, ಉಬುಂಟುಗಳಲ್ಲಿ ಹೆಚ್ಚಿನ ಲಾಗ್ ಫೈಲುಗಳನ್ನು ‘ಎಡಿಎಂ’ ಗುಂಪಿನವರು ಓದಬಹುದು. ಸಿಸ್ಟಮ್‌ಡಿ ಇಡುವ ಲಾಗ್, ಅಂದರೆ ಜರ್ನಲ್ ಮಾತ್ರ ಸಾಕೆಂದರೆ ‘ಸಿಸ್ಟಮ್‌ಡಿ-ಜರ್ನಲ್’ ಗುಂಪು. ಆ ಗುಂಪಿಗೆ ಸೇರಿಸಿದರೆ ಅವರು ತಮ್ಮ ಸ್ವಂತ ಹೆಸರಿನಲ್ಲೇ ಲೆಸ್ ತೆರೆಯುತ್ತಾರೆ, ಶೆಲ್ ತೆಗೆದರೂ ಅದು ಅವರದೇ ಶೆಲ್. ‘ಕ್ಯಾಟ್ /ವಾರ್/ಲಾಗ್/*’ ಎಂದು ನಕ್ಷತ್ರ ಹಾಕಿ ಬರೆಯುವ ಉಪಾಯ ಇನ್ನೂ ಕೆಟ್ಟದ್ದು. ಕಮಾಂಡ್ ನಂತರದ ಪದಗಳಲ್ಲಿ ಆ ನಕ್ಷತ್ರ ಓರೆಗೆರೆಗೂ ಹೊಂದುತ್ತದೆ, ಖಾಲಿ ಜಾಗಕ್ಕೂ ಹೊಂದುತ್ತದೆ. ಒಂದು ಲಾಗ್ ಹೆಸರು ಬರೆದು, ಜಾಗ ಬಿಟ್ಟು, ಪಕ್ಕದಲ್ಲಿ /ಈಟಿಸಿ/ಶ್ಯಾಡೋ ಎಂದರೆ ಪಾಸ್‌ವರ್ಡ್‌ಗಳ ಹ್ಯಾಶ್ (ಗೂಢ ರೂಪ) ಪರದೆಯ ಮೇಲೆ ಬರುತ್ತದೆ.

‘ಎಲ್ಲಕ್ಕೂ ಅನುಮತಿ, ಇಂಥ ಕಮಾಂಡ್ ಬಿಟ್ಟು’ ಎಂದು ಆಶ್ಚರ್ಯಸೂಚಕ ಹಾಕಿ ಬರೆಯುವವರೂ ಇದ್ದಾರೆ. ತಡೆದ ಪ್ರೋಗ್ರಾಮನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಕೊಂಡರೆ ಆ ತಡೆ ಮುಗಿಯಿತು.

ಎಡಿಟರ್ ವಿಷಯಕ್ಕೆ ಸುಡೋಎಡಿಟ್ ಇದೆ. ಸುಡೋಯರ್ಸ್ ಸಾಲಿನಲ್ಲಿ ವಿಐ ದಾರಿಯ ಬದಲು ಬರೀ ‘ಸುಡೋಎಡಿಟ್’ ಎಂದು ಬರೆದು (ಇದೊಂದಕ್ಕೆ ಪೂರ್ತಿ ದಾರಿ ಬರೆಯಬಾರದು) ಮುಂದೆ ಫೈಲಿನ ಪೂರ್ತಿ ಹೆಸರು ಕೊಡಿ. ಅದು ಫೈಲಿನ ತಾತ್ಕಾಲಿಕ ನಕಲು ಮಾಡಿ, ಎಡಿಟರನ್ನು ಬಳಕೆದಾರನ ಹೆಸರಿನಲ್ಲೇ ತೆರೆದು, ಮುಚ್ಚಿದ ಮೇಲೆ ಮೂಲಕ್ಕೆ ಬರೆಯುತ್ತದೆ. ಶೆಲ್ ಕಿಂಡಿ ಮುಚ್ಚಿತು.

ಆದರೆ ನಿಮ್ಮ ಪ್ರಸಂಗದಲ್ಲಿ ಅದೂ ಪೂರ್ತಿ ಕಾಪಾಡದು. ಎಂಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆ ರೂಟ್ ಆಗಿಯೇ ಶುರುವಾಗಿ ಆ ಕಾನ್ಫಿಗ್ ಓದುತ್ತದೆ. ಮುಖ್ಯ ಕಾನ್ಫಿಗ್ ತಿದ್ದಬಲ್ಲವನು ಕೆಲಸಗಾರ ಪ್ರಕ್ರಿಯೆಯನ್ನೂ ರೂಟ್ ಎಂದು ಬದಲಿಸಬಹುದು, ‘ಲೋಡ್_ಮಾಡ್ಯೂಲ್’ ಸಾಲಿನಲ್ಲಿ ತಾನು ಬರೆದ ಮಾಡ್ಯೂಲ್ ಸೇರಿಸಬಹುದು. ಕಾನ್ಫಿಗ್ ಬರೆಯುವ ಅಧಿಕಾರ ಆ ಕಾನ್ಫಿಗ್ ಏನೇನು ಮಾಡಿಸಬಲ್ಲದೋ ಅಷ್ಟಕ್ಕೂ ಅಧಿಕಾರ. ಹುಡುಗರು ಬದಲಾವಣೆಯನ್ನು, ತಿದ್ದುಪಡಿಗಳ ದಾಖಲೆ ಇಡುವ ಗಿಟ್‌ಗೆ ಹಾಕಲಿ, ಇನ್ನೊಬ್ಬರು ಓದಿ ಒಪ್ಪಲಿ, ರೂಟ್ ಒಡೆತನದ ಒಂದು ಸ್ಕ್ರಿಪ್ಟ್ ‘ಎಂಜಿನ್‌ಎಕ್ಸ್ -ಟಿ’ ಮಾಡಿ ಸರಿಯಿದ್ದರೆ ಮಾತ್ರ ರೀಲೋಡ್ ಮಾಡಲಿ. ಹಿಂಜವಡಿಯಲ್ಲಿ ಗಿಟ್ ಗೊತ್ತಿಲ್ಲದ ಹುಡುಗರನ್ನು ಹುಡುಕುವುದೇ ಕಷ್ಟವಾದ್ದರಿಂದ ಇದು ನಿಮಗೆ ಭಾರವಾಗದು.

ಪ್ರಶ್ನೆ: ಬ್ಯಾಕಪ್ ಸ್ಕ್ರಿಪ್ಟ್ ಒಂದಕ್ಕೆ ಮಾತ್ರ ಸುಡೋ ಕೊಟ್ಟಿದ್ದೇನೆ. ಸ್ಕ್ರಿಪ್ಟ್ ಗುಮಾಸ್ತರ ಹೋಮ್ ಫೋಲ್ಡರಿನಲ್ಲಿದೆ, ಆದರೆ ಅದರ ಒಡೆತನ ರೂಟ್‌ಗೆ ಮಾಡಿದ್ದೇನೆ. ಸರಿಯೇ? ಸೆಟ್‌ಯುಐಡಿ (ಯಾರು ಓಡಿಸಿದರೂ ಫೈಲಿನ ಒಡೆಯರ ಹೆಸರಿನಲ್ಲಿ ಓಡಿಸುವ ಗುರುತು) ಹಾಕಿದರೆ ಸುಡೋ ಕೂಡ ಬೇಡ ಎಂದು ಕೇಳಿದ್ದೇನೆ.
– ಓದುಗರೊಬ್ಬರು, ವಾಶಿ, ನವಿ ಮುಂಬಯಿ

ಉತ್ತರ: ಎರಡನೆಯದು ಮೊದಲು. ಸ್ಕ್ರಿಪ್ಟ್‌ಗೆ ಹಾಕಿದ ಸೆಟ್‌ಯುಐಡಿಯನ್ನು ಲಿನಕ್ಸ್ ಕರ್ನಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆ ಯೋಚನೆ ಬಿಡಿ.

ಫೈಲ್ ರೂಟ್‌ದಾದರೂ ಫೋಲ್ಡರ್ ಗುಮಾಸ್ತರದು. ಫೋಲ್ಡರ್ ಯಾರದೋ ಅವರು ಒಳಗಿನ ಫೈಲಿನ ಹೆಸರು ಬದಲಿಸಬಹುದು, ಅದೇ ಹೆಸರಿನಲ್ಲಿ ಹೊಸದನ್ನು ಇಡಬಹುದು. ಸುಡೋ ನೋಡುವುದು ದಾರಿ ಮತ್ತು ಹೆಸರನ್ನು. ಸ್ಕ್ರಿಪ್ಟನ್ನು /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಫೋಲ್ಡರಿಗೆ ಸಾಗಿಸಿ, ಒಡೆತನ ರೂಟ್, ಮೋಡ್ 0755 ಮಾಡಿ. ಸ್ಕ್ರಿಪ್ಟ್ ಒಳಗೆ ಕರೆಯುವ ಇತರ ಫೈಲುಗಳಿಗೂ ಇದೇ ನಿಯಮ. ಒಳಗಿನ ಕಮಾಂಡ್‌ಗಳಿಗೆ ಪೂರ್ತಿ ದಾರಿ ಬರೆಯಿರಿ. ಗುಮಾಸ್ತರು ಬರೆಯಬಲ್ಲ ಫೋಲ್ಡರಿನಲ್ಲಿ ‘ಟಾರ್ … *’ ಓಡಿಸಬೇಡಿ. ಎರಡು ಅಡ್ಡಗೆರೆಯಿಂದ ಶುರುವಾಗುವ ಹೆಸರಿನ ಫೈಲ್ ಅಲ್ಲಿದ್ದರೆ ಟಾರ್ ಅದನ್ನು ಫೈಲ್ ಎಂದು ತಿಳಿಯದೆ ಆಯ್ಕೆ ಎಂದು ತಿಳಿಯುತ್ತದೆ, ಆ ದಾರಿಯಲ್ಲಿ ಕಮಾಂಡ್ ಓಡಿಸಬಹುದು. ನಕ್ಷತ್ರದ ಬದಲು ‘-ಸಿ’ (ದೊಡ್ಡಕ್ಷರ) ಆಯ್ಕೆಯಿಂದ ಫೋಲ್ಡರ್ ತೋರಿಸಿ ಕೊನೆಗೆ ಒಂದು ಚುಕ್ಕೆ ಕೊಟ್ಟರೆ ಈ ತೊಂದರೆಯಿಲ್ಲ. ಗುಮಾಸ್ತರು ಸ್ಕ್ರಿಪ್ಟ್‌ಗೆ ಏನನ್ನೂ ಕೊಡಬೇಕಿಲ್ಲವಾದರೆ ಸುಡೋಯರ್ಸ್ ಸಾಲಿನ ಕೊನೆಗೆ ಆ ಖಾಲಿ ಉದ್ಧರಣ ಚಿಹ್ನೆ ಮರೆಯಬೇಡಿ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರಿ ಸಂಘದಲ್ಲಿ 12 ವಿಂಡೋಸ್ ಕಂಪ್ಯೂಟರ್‌ಗಳಿವೆ. ಹಳೆಯ ಲೆಕ್ಕದ ಸಾಫ್ಟ್‌ವೇರ್ ಅಡ್ಮಿನ್ ಆಗದೆ ನಡೆಯುವುದಿಲ್ಲವೆಂದು ಹಾಕಿಕೊಟ್ಟವರು ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಿಟ್ಟಿದ್ದಾರೆ. ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದಾರೆ. ಸಾಮಾನ್ಯ ಖಾತೆಗೆ ಇಳಿಸಿ ನೋಡಿದರೆ ಒಬ್ಬರು ಹಾಕಿದ ವೋಚರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಏನು ಮಾಡೋಣ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ವೋಚರ್ ಕಾಣದಿರುವುದೇ ರೋಗದ ಗುರುತು. ಆ ಸಾಫ್ಟ್‌ವೇರ್ ತನ್ನ ದತ್ತಾಂಶವನ್ನು ‘ಪ್ರೋಗ್ರಾಮ್ ಫೈಲ್ಸ್’ ಒಳಗೇ ಬರೆಯಲು ಹೋಗುತ್ತಿದೆ. ಸಾಮಾನ್ಯ ಖಾತೆಗೆ ಅಲ್ಲಿ ಬರೆಯುವ ಅನುಮತಿಯಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಮುಗಳು ಒಡೆದುಹೋಗದಿರಲೆಂದು ವಿಂಡೋಸ್ ಆ ಬರಹವನ್ನು ಪ್ರತಿಯೊಬ್ಬ ಬಳಕೆದಾರರ ‘ಆ್ಯಪ್‌ಡೇಟಾ’ ಒಳಗಿನ ‘ಲೋಕಲ್’ನಲ್ಲಿರುವ ‘ವರ್ಚುವಲ್‌ಸ್ಟೋರ್’ ಫೋಲ್ಡರಿಗೆ ತಿರುಗಿಸುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಖಾತೆಪುಸ್ತಕ! ಮುಂದುವರಿಯುವ ಮುನ್ನ ಆ ಫೋಲ್ಡರುಗಳನ್ನು ತೆರೆದು, ಪ್ರಯೋಗದ ವೇಳೆ ಹಾಕಿದ ನಮೂದುಗಳಿದ್ದರೆ ಮೂಲ ಕಡತಕ್ಕೆ ಮತ್ತೆ ಹಾಕಿಸಿ. ಫೈಲನ್ನೇ ನಕಲಿಸಿ ಮೇಲೆ ಹೇರಿದರೆ ಒಬ್ಬರದು ಇನ್ನೊಬ್ಬರದನ್ನು ಅಳಿಸುತ್ತದೆ.

ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ದತ್ತಾಂಶದ ಜಾಗ ಬದಲಿಸಲು ಬರುವುದಾದರೆ ‘ಡಿ’ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ. ಅದರ ಪ್ರಾಪರ್ಟೀಸ್, ಸೆಕ್ಯೂರಿಟಿ ಟ್ಯಾಬಿನಲ್ಲಿ ಲೆಕ್ಕದ ಸಿಬ್ಬಂದಿಯ ಗುಂಪಿಗೆ ‘ಮಾಡಿಫೈ’ ಕೊಡಿ, ‘ಫುಲ್ ಕಂಟ್ರೋಲ್’ ಬೇಡ. ಕೆಲಸ ಅಲ್ಲಿಗೇ ಮುಗಿಯಬಹುದು.

ಮುಗಿಯದಿದ್ದರೆ ಮೈಕ್ರೋಸಾಫ್ಟಿನ ಉಚಿತ ಉಪಕರಣ ‘ಪ್ರೊಸೆಸ್ ಮಾನಿಟರ್’ ತನ್ನಿ. ಸಾಮಾನ್ಯ ಖಾತೆಯಲ್ಲಿ ಲಾಗಿನ್ ಆಗಿ, ಅದನ್ನು ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ತೆರೆಯಿರಿ. ಫಿಲ್ಟರಿನಲ್ಲಿ ಎರಡು ನಿಯಮ ಹಾಕಿ: ಪ್ರೊಸೆಸ್ ಹೆಸರು ನಿಮ್ಮ ಸಾಫ್ಟ್‌ವೇರಿನದು, ರಿಸಲ್ಟ್ ‘ಆ್ಯಕ್ಸೆಸ್ ಡಿನೈಡ್’. ಈಗ ಸಾಫ್ಟ್‌ವೇರ್ ನಡೆಸಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಹೋಗಿ. ಯಾವ ಫೈಲ್, ಯಾವ ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್‌ಗಳ ಕೋಶ) ಕೀಲಿಯಲ್ಲಿ ತಡೆ ಬಿತ್ತು ಎಂದು ಸಾಲುಸಾಲಾಗಿ ಬರುತ್ತದೆ. ಆ ಫೈಲಿಗೆ, ಆ ಕೀಲಿಗೆ ಮಾತ್ರ ಅನುಮತಿ ಕೊಡಿ. 64 ಬಿಟ್ ವಿಂಡೋಸಿನಲ್ಲಿ ಹಳೆಯ ಸಾಫ್ಟ್‌ವೇರಿನ ಕೀಲಿ ‘ವೌ6432ನೋಡ್’ ಕೆಳಗೆ ಸಿಗುತ್ತದೆ. ಎರಡು-ಮೂರು ಸುತ್ತು ಬೇಕಾಗುತ್ತದೆ. ವರ್ಷಾಂತ್ಯದ ವರದಿ, ಬ್ಯಾಕಪ್ ಮೊದಲಾದ ಅಪರೂಪದ ಕೆಲಸಗಳನ್ನೂ ಈಗಲೇ ಮಾಡಿಸಿ ನೋಡಿ, ಇಲ್ಲದಿದ್ದರೆ ಮಾರ್ಚ್ 31ರ ರಾತ್ರಿ ಫೋನ್ ಬರುತ್ತದೆ.

ಅವಸರದಲ್ಲಿ ಸಾಫ್ಟ್‌ವೇರಿನ ಇಡೀ ಫೋಲ್ಡರಿಗೆ ಮಾಡಿಫೈ ಕೊಟ್ಟುಬಿಡಬೇಡಿ. ಪ್ರೋಗ್ರಾಮಿನ ಫೈಲನ್ನೇ ಯಾರಾದರೂ, ಅಥವಾ ಅವರಿಗೆ ಅಂಟಿದ ವೈರಸ್, ಬದಲಿಸಬಹುದು. ನಾಳೆ ಅಡ್ಮಿನ್ ಅದನ್ನು ತೆರೆದಾಗ ಅವರ ಅಧಿಕಾರದಲ್ಲಿ ಓಡುವುದು ಆ ಬದಲಿ ಫೈಲ್. ಸಾಫ್ಟ್‌ವೇರಿನ ಸರ್ವಿಸ್ ಒಂದು ‘ಸಿಸ್ಟಮ್’ ಹೆಸರಿನಲ್ಲಿ ಅದೇ ಫೋಲ್ಡರಿನಿಂದ ಓಡುತ್ತಿದ್ದರೆ ಅಡ್ಮಿನ್ ಬರುವ ತನಕವೂ ಕಾಯಬೇಕಿಲ್ಲ, ಯಂತ್ರ ಮತ್ತೆ ಶುರುವಾದರೆ ಸಾಕು.

‘ರನ್‌ಆ್ಯಸ್’ ಕಮಾಂಡಿಗೆ ‘/ಸೇವ್‌ಕ್ರೆಡ್’ ಸೇರಿಸಿ ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಟ್ಟುಕೊಡುವ ಪದ್ಧತಿ ಮುಂಬಯಿಯ ಆಫೀಸುಗಳಲ್ಲಿ ಇನ್ನೂ ಕಾಣುತ್ತದೆ. ಹೀಗೆ ಉಳಿಸಿದ ಪಾಸ್‌ವರ್ಡ್ ಆ ಒಂದು ಸಾಫ್ಟ್‌ವೇರಿಗೆ ಕಟ್ಟಿಕೊಂಡಿರುವುದಿಲ್ಲ. ಅದೇ ಬಳಕೆದಾರ ಕಮಾಂಡ್ ಸಾಲಿನಲ್ಲಿ ಸಾಫ್ಟ್‌ವೇರಿನ ಬದಲು ಬೇರೆ ಯಾವ ಹೆಸರು ಕೊಟ್ಟರೂ ಅದು ಅಡ್ಮಿನ್ ಖಾತೆಯಲ್ಲಿ ತೆರೆಯುತ್ತದೆ. ಒಂದು ಕಪಾಟು ತೆರೆಯಲು ಮನೆಯ ಕೀಲಿಗೊಂಚಲನ್ನೇ ಕೊಟ್ಟ ಹಾಗೆ.

ಖಾತೆ ಇಳಿಸುವ ಕ್ರಮ: ಪ್ರತಿ ಯಂತ್ರದಲ್ಲೂ ಹೊಸ ಅಡ್ಮಿನ್ ಖಾತೆ ಮಾಡಿ, ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆಯೇ ಸಿಬ್ಬಂದಿಯ ಖಾತೆಯನ್ನು ‘ಸ್ಟ್ಯಾಂಡರ್ಡ್’ ಮಾಡಿ. ಅವರ ಡೆಸ್ಕ್‌ಟಾಪ್, ಫೈಲುಗಳು ಎಲ್ಲಿಗೂ ಹೋಗುವುದಿಲ್ಲ. 12 ಯಂತ್ರಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಡಬೇಡಿ, ಒಂದು ಸೋರಿದರೆ ಹನ್ನೆರಡೂ ಸೋರಿದಂತೆ. ಎಲ್ಲ ಯಂತ್ರಗಳ ಖಾತೆಗಳನ್ನು ಒಂದೇ ಸರ್ವರಿನಿಂದ ನೋಡಿಕೊಳ್ಳುವ ಡೊಮೇನ್ ಇದ್ದರೆ 2023ರ ಏಪ್ರಿಲ್ ನವೀಕರಣದಿಂದ ವಿಂಡೋಸಿನಲ್ಲೇ ಬಂದಿರುವ ‘ಲ್ಯಾಪ್ಸ್’ ಈ ಕೆಲಸ ತಾನೇ ಮಾಡುತ್ತದೆ. ಬೇರೆ ಹೇಳದಿದ್ದರೆ 14 ಅಕ್ಷರದ ಪಾಸ್‌ವರ್ಡ್ ಹಾಕಿ 30 ದಿನಕ್ಕೊಮ್ಮೆ ಬದಲಿಸುತ್ತದೆ. ಡೊಮೇನ್ ಇಲ್ಲದಿದ್ದರೆ ಹನ್ನೆರಡು ಪಾಸ್‌ವರ್ಡ್ ಬರೆದ ಹಾಳೆ ಲಕೋಟೆಯಲ್ಲಿ ಮೊಹರಾಗಿ ಸಂಘದ ತಿಜೋರಿಯಲ್ಲಿರಲಿ. ಲೆಕ್ಕಪರಿಶೋಧಕರಿಗೂ ಅದು ಒಪ್ಪಿಗೆಯಾಗುತ್ತದೆ.

‘ಬ್ಯಾಕಪ್ ಆಪರೇಟರ್ಸ್’ ಎಂಬ ಗುಂಪು ನಿರುಪದ್ರವಿಯಂತೆ ಕಾಣುತ್ತದೆ, ಯಾರನ್ನೂ ಸೇರಿಸಬೇಡಿ. ಅನುಮತಿ ಇಲ್ಲದ ಫೈಲನ್ನೂ ಓದುವುದೇ ಅದರ ಕೆಲಸ.

ಪ್ರಶ್ನೆ: ನಮ್ಮ ಹೋಟೆಲಿನ ರಿಸೆಪ್ಷನ್ ಕಂಪ್ಯೂಟರಿನಲ್ಲಿ ಐಪಿ ಬದಲಿಸಲು, ಸಿಕ್ಕಿಕೊಂಡ ಪ್ರಿಂಟ್ ಅಳಿಸಲು, ಹೊಸ ಪ್ರಿಂಟರ್ ಹಾಕಲು – ಪ್ರತಿ ಸಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಮಾಲೀಕರು ಊರಿಗೆ, ಕುಂದಾಪುರಕ್ಕೆ ಹೋದರೆ ಕಷ್ಟ.
– ಓದುಗರೊಬ್ಬರು, ಕಲಂಗುಟ್, ಗೋವಾ

ಉತ್ತರ: ಮೂರಕ್ಕೂ ದಾರಿ ಬೇರೆ ಬೇರೆ. ಐಪಿ ಬದಲಿಸಲು ಖಾತೆಯನ್ನು ‘ನೆಟ್‌ವರ್ಕ್ ಕಾನ್ಫಿಗರೇಷನ್ ಆಪರೇಟರ್ಸ್’ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆಗಿ. ಪ್ರಿಂಟ್ ಅಳಿಸಲು ಪ್ರಿಂಟರ್ ಪ್ರಾಪರ್ಟೀಸ್, ಸೆಕ್ಯೂರಿಟಿ ಟ್ಯಾಬಿನಲ್ಲಿ ಆ ಖಾತೆಗೆ ‘ಮ್ಯಾನೇಜ್ ಡಾಕ್ಯುಮೆಂಟ್ಸ್’ ಗುರುತು ಹಾಕಿ. ತಮ್ಮದೇ ಪ್ರಿಂಟ್ ಅಳಿಸಲು ಇದೂ ಬೇಡ, ಇನ್ನೊಬ್ಬರದನ್ನು ಅಳಿಸಲು ಮಾತ್ರ ಬೇಕು. ಹೊಸ ಪ್ರಿಂಟರ್ ವಿಷಯದಲ್ಲಿ ಸಡಿಲಿಸಬೇಡಿ. ‘ಪ್ರಿಂಟ್‌ನೈಟ್‌ಮೇರ್’ ದೋಷ ಹೊರಬಿದ್ದ ಮೇಲೆ 2021ರ ಆಗಸ್ಟ್ ನವೀಕರಣದಲ್ಲಿ ಮೈಕ್ರೋಸಾಫ್ಟ್ ಡ್ರೈವರ್ ಹಾಕುವುದನ್ನು ಅಡ್ಮಿನ್‌ಗೇ ಸೀಮಿತಗೊಳಿಸಿತು, ಕಾರಣವಿಲ್ಲದೆ ಅಲ್ಲ. ಇರುವ ಮಾದರಿಯದೇ ಇನ್ನೊಂದು ಪ್ರಿಂಟರನ್ನು ಸೀಸನ್ ಶುರುವಾಗುವ ಮುನ್ನ ಮಾಲೀಕರೇ ಹಾಕಿಟ್ಟು ಊರಿಗೆ ಹೋಗಲಿ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಬೆಳಗಿನ ಶಾಲೆ, ರಾತ್ರಿ ಶಾಲೆ ಎರಡೂ ಇವೆ, ಒಂದೇ ಲ್ಯಾಬ್. ವಿಂಡೋಸ್ ಸರ್ವರ್ ಡೊಮೇನ್ ಇದೆ. ವಿದ್ಯಾರ್ಥಿಗಳು ಪಾಸ್‌ವರ್ಡ್ ಮರೆಯುವುದು ದಿನದ ಮಾತು. ಲ್ಯಾಬ್ ಸಹಾಯಕರಿಗೆ ಅದೊಂದನ್ನು ಬದಲಿಸುವ ಅಧಿಕಾರ ಕೊಡುವುದು ಹೇಗೆ? ‘ಅಕೌಂಟ್ ಆಪರೇಟರ್ಸ್’ ಗುಂಪು ಸರಿಹೋಗುತ್ತದೆಯೇ?
– ಓದುಗರೊಬ್ಬರು, ವಡಾಲಾ, ಮುಂಬಯಿ

ಉತ್ತರ: ಆ ಗುಂಪು ಬೇಡ. ಅದು ಡೊಮೇನಿನ ಬಹುಪಾಲು ಖಾತೆಗಳನ್ನು ಸೃಷ್ಟಿಸಿ, ಅಳಿಸಿ ಮಾಡಬಲ್ಲದು.

ವಿದ್ಯಾರ್ಥಿಗಳ ಖಾತೆಗಳೆಲ್ಲ ಒಂದು ಪ್ರತ್ಯೇಕ, ಫೋಲ್ಡರಿನಂತೆ ಖಾತೆಗಳನ್ನು ಒಟ್ಟಿಗಿಡುವ ಆರ್ಗನೈಸೇಷನಲ್ ಯೂನಿಟ್‌ನಲ್ಲಿ ಇವೆಯೇ ನೋಡಿ. ಶಿಕ್ಷಕರದು, ಬ್ಯಾಕಪ್ ಓಡಿಸುವ ಸರ್ವಿಸ್ ಖಾತೆ ಯಾವುದೂ ಅದರಲ್ಲಿ ಇರಬಾರದು. ಪಾಸ್‌ವರ್ಡ್ ಬದಲಿಸಬಲ್ಲವರು ಆ ಖಾತೆಯಾಗಿ ಒಳಹೋಗಬಲ್ಲರು. ನಂತರ ಸಹಾಯಕರಿಗಾಗಿ ಒಂದು ಗುಂಪು ಮಾಡಿ, ಯೂನಿಟ್ ಮೇಲೆ ಬಲಗುಂಡಿ ಒತ್ತಿ ‘ಡೆಲಿಗೇಟ್ ಕಂಟ್ರೋಲ್’ ಆರಿಸಿ, ಗುಂಪನ್ನು ಸೇರಿಸಿ, ‘ರೀಸೆಟ್ ಯೂಸರ್ ಪಾಸ್‌ವರ್ಡ್ಸ್’ ಎಂದು ಶುರುವಾಗುವ ಸಾಲಿಗೆ ಮಾತ್ರ ಗುರುತು ಹಾಕಿ. ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಗುಂಪಿಗೆ ಕೊಟ್ಟರೆ ಸಹಾಯಕರು ಬದಲಾದಾಗ ಯೂನಿಟ್ ಮುಟ್ಟಬೇಕಿಲ್ಲ. ಸಹಾಯಕರು ಸರ್ವರಿಗೆ ಲಾಗಿನ್ ಆಗುವುದೂ ಬೇಡ. ಅವರ ವಿಂಡೋಸ್ ಪ್ರೊ ಯಂತ್ರದಲ್ಲಿ ‘ಆಪ್ಷನಲ್ ಫೀಚರ್ಸ್’ನಿಂದ ಸರ್ವರ್ ನಿರ್ವಹಣೆಯ ಉಪಕರಣ ಆರ್‌ಸ್ಯಾಟ್ ಹಾಕಿಕೊಡಿ.

ತಪ್ಪು ಪಾಸ್‌ವರ್ಡ್ ಹೊಡೆದು ಲಾಕ್ ಆದ ಖಾತೆ ಬಿಡಿಸುವುದು ಈ ಅನುಮತಿಯಲ್ಲಿ ಸೇರಿಲ್ಲ. ಅದಕ್ಕೆ ಅದೇ ವಿಝಾರ್ಡಿನಲ್ಲಿ ‘ಕಸ್ಟಮ್ ಟಾಸ್ಕ್’ ಆರಿಸಿ, ಯೂಸರ್ ಆಬ್ಜೆಕ್ಟ್‌ಗಳಿಗೆ ಮಾತ್ರ, ‘ಲಾಕೌಟ್‌ಟೈಮ್’ ಓದುವ ಮತ್ತು ಬರೆಯುವ ಅನುಮತಿ ಕೊಡಬೇಕು.

ಎಲ್ಲರದೂ ಬದಲಾಗಿ ಯಾವುದೋ ಒಂದು ಖಾತೆಗೆ ಮಾತ್ರ ‘ಆ್ಯಕ್ಸೆಸ್ ಡಿನೈಡ್’ ಬಂದರೆ, ಆ ಖಾತೆ ಎಂದೋ ಒಮ್ಮೆ ಅಡ್ಮಿನ್ ಗುಂಪಿನಲ್ಲಿ ಇದ್ದಿರಬೇಕು. ಅಂಥ ಖಾತೆಗಳ ಅನುಮತಿಯನ್ನು ಡೊಮೇನ್ 60 ನಿಮಿಷಕ್ಕೊಮ್ಮೆ ತನ್ನ ಮಾದರಿಗೆ ಹೊಂದಿಸಿ, ಮೇಲಿನಿಂದ ಇಳಿಯುವ ಅನುಮತಿಯನ್ನು ಕಡಿಯುತ್ತದೆ. ಗುಂಪಿನಿಂದ ತೆಗೆದ ಮೇಲೂ ಆ ಕಡಿತ ಹಾಗೇ ಉಳಿಯುತ್ತದೆ. ಖಾತೆಯ ಸೆಕ್ಯೂರಿಟಿ, ಅಡ್ವಾನ್ಸ್‌ಡ್‌ನಲ್ಲಿ ‘ಎನೇಬಲ್ ಇನ್‌ಹೆರಿಟೆನ್ಸ್’ ಒತ್ತಿದರೆ ಸರಿಯಾಗುತ್ತದೆ.

ಕೊಟ್ಟದ್ದನ್ನು ಹಿಂತೆಗೆಯಲು ವಿಝಾರ್ಡ್ ಇಲ್ಲ. ವ್ಯೂ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಫೀಚರ್ಸ್’ ಆನ್ ಮಾಡಿ, ಯೂನಿಟ್‌ನ ಸೆಕ್ಯೂರಿಟಿ ಟ್ಯಾಬಿನಲ್ಲಿ ಕೈಯಾರೆ ತೆಗೆಯಬೇಕು. ಯಾರು ಯಾರ ಪಾಸ್‌ವರ್ಡ್ ಬದಲಿಸಿದರು ಎಂಬುದು, ಖಾತೆ ನಿರ್ವಹಣೆಯ ಆಡಿಟ್ ಆನ್ ಇದ್ದರೆ, ಡೊಮೇನ್ ಕಂಟ್ರೋಲರಿನ ಸೆಕ್ಯೂರಿಟಿ ಲಾಗಿನಲ್ಲಿ 4724 ಸಂಖ್ಯೆಯಡಿ ಸಿಗುತ್ತದೆ.

ಪ್ರಶ್ನೆ: ಸುಡೋ ಕೊಡುವುದು ಬೇಡವೆಂದು ಇಂಟರ್ನ್‌ಗಳನ್ನು ಡಾಕರ್ ಗುಂಪಿಗೆ ಮಾತ್ರ ಸೇರಿಸಿದ್ದೇವೆ. ಸುರಕ್ಷಿತವೇ?
– ಓದುಗರೊಬ್ಬರು, ಬಾಣೇರ್, ಪುಣೆ

ಉತ್ತರ: ಇಲ್ಲ. ಡಾಕರ್ ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುತ್ತದೆ. ಇಡೀ ಡಿಸ್ಕನ್ನು ಕಂಟೇನರ್ ಒಳಗೆ ಜೋಡಿಸಿಕೊಂಡು ರೂಟ್ ಆಗಿ ತೆರೆಯಲು ಅವರಿಗೆ ಒಂದು ಸಾಲು ಸಾಕು, ಮೇಲಾಗಿ ಸುಡೋ ಲಾಗಿನಲ್ಲಿ ಅದು ಕಾಣುವುದೂ ಇಲ್ಲ. ರೂಟ್‌ಲೆಸ್ ಡಾಕರ್ (ರೂಟ್ ಅಧಿಕಾರವಿಲ್ಲದೆ ಓಡುವಂಥದ್ದು) ಅಥವಾ ಅದೇ ಬಗೆಯ ಪಾಡ್‌ಮನ್ ಕೊಡಿ.

ಪ್ರಶ್ನೆ: ಸುಡೋಯರ್ಸ್ ಫೈಲನ್ನು ತುಂಬ ಎಚ್ಚರದಿಂದ ಬರೆದಿದ್ದೇವೆ. ಸರ್ವರ್ ಉಬುಂಟು 20.04, ಹಾಕಿದ ಮೇಲೆ ನವೀಕರಿಸಿಲ್ಲ. ನಿಯಮ ಸರಿಯಿದ್ದರೆ ಆವೃತ್ತಿ ಹಳೆಯದಾದರೆ ಏನಂತೆ?
– ಓದುಗರೊಬ್ಬರು, ಗೋರೆಗಾಂವ್, ಮುಂಬಯಿ

ಉತ್ತರ: 2021ರ ಜನವರಿಯಲ್ಲಿ ಪ್ರಕಟವಾದ ‘ಬ್ಯಾರನ್ ಸ್ಯಾಮೆಡಿಟ್’ ದೋಷಕ್ಕೆ ನಿಮ್ಮ ನಿಯಮಗಳು ಲೆಕ್ಕಕ್ಕೇ ಇಲ್ಲ. ಸುಡೋಯರ್ಸ್‌ನಲ್ಲಿ ಹೆಸರೇ ಇಲ್ಲದ ಬಳಕೆದಾರ ಕೂಡ ರೂಟ್ ಆಗಬಹುದಿತ್ತು. ಸುಮಾರು 10 ವರ್ಷ ಆ ದೋಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು, 1.9.5ಪಿ2 ಆವೃತ್ತಿಯಲ್ಲಿ ಸರಿಪಡಿಸಿದರು. ಅದಕ್ಕೂ ಮುಂಚೆ, 2019ರಲ್ಲಿ, ‘ರೂಟ್ ಬಿಟ್ಟು ಬೇರೆ ಯಾರ ಹೆಸರಿನಲ್ಲಾದರೂ’ ಎಂದು ಬರೆದ ನಿಯಮವನ್ನು ಬಳಕೆದಾರ ಸಂಖ್ಯೆ -1 ಕೊಟ್ಟು ದಾಟಬಹುದೆಂದು ಕಂಡುಬಂತು. 1.8.28ರಿಂದ ಅದು ಸರಿಯಾಗಿದೆ.

‘ಸುಡೋ -ವಿ’ (ದೊಡ್ಡಕ್ಷರ) ಆವೃತ್ತಿ ತೋರಿಸುತ್ತದೆ, ಆದರೆ ಆ ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಉಬುಂಟುದವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡು ತೇಪೆ ಮಾತ್ರ ಹಾಕುತ್ತಾರೆ. ‘ಆ್ಯಪ್ಟ್ ಚೇಂಜ್‌ಲಾಗ್ ಸುಡೋ’ ಎಂದರೆ ಯಾವ ಯಾವ ತೇಪೆ ಬಂದಿದೆ ಎಂದು ಗೊತ್ತಾಗುತ್ತದೆ. ‘ಆ್ಯಪ್ಟ್ ಅಪ್‌ಡೇಟ್’ ಮಾಡಿ, ‘ಆ್ಯಪ್ಟ್ ಇನ್‌ಸ್ಟಾಲ್ --ಓನ್ಲಿ-ಅಪ್‌ಗ್ರೇಡ್ ಸುಡೋ’ ಕೊಡಿ. ಸುಡೋ ಸದಾ ಓಡುತ್ತಿರುವ ಸರ್ವಿಸ್ ಅಲ್ಲವಾದ್ದರಿಂದ ಸರ್ವರ್ ಮತ್ತೆ ಶುರುಮಾಡಬೇಕಿಲ್ಲ. ನವೀಕರಣದ ನಡುವೆ ಸುಡೋಯರ್ಸ್ ಫೈಲ್ ಬದಲಿಸಲೇ ಎಂದು ಕೇಳಿದರೆ ನಿಮ್ಮದನ್ನೇ ಉಳಿಸಿಕೊಳ್ಳಿ. ನಿಯಮಗಳನ್ನು ಸುಡೋಯರ್ಸ್.ಡಿ ಫೋಲ್ಡರಿನಲ್ಲಿ ಇಟ್ಟಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಇವತ್ತು ನವೀಕರಿಸಿದರೆ ಅಲ್ಲಿಯವರೆಗಿನ ತೇಪೆಗಳಷ್ಟೇ ಬರುತ್ತವೆ. ನಂತರದವು ಬೇಕಾದರೆ ಉಬುಂಟು ಪ್ರೊಗೆ ಸೇರಬೇಕು, ಇಲ್ಲವೇ 22.04ಕ್ಕೆ ಏರಿಸಬೇಕು. ಏರಿಸುವ ಮುನ್ನ ಈಟಿಸಿ ಫೋಲ್ಡರಿನ ಪೂರ್ತಿ ನಕಲು ತೆಗೆದಿಡಿ.